ಗುರಿನಿರ್ದೇಶಿತ ಔಷಧ ಮತ್ತು ಕೀಮೋಥೆರಪಿ: ಮೊದಲ ಹಂತದ ಪ್ರಯೋಗಗಳ ಅರ್ಥ

ಕ್ಯಾನ್ಸರ್ ತಾನು ಹುಟ್ಟಿದ ಜಾಗವನ್ನು ಮೀರಿ ಸುತ್ತಲಿನ ಮಾಂಸ ಮೂಳೆಗಳಿಗೆ, ಕುತ್ತಿಗೆ ಅಥವಾ ಕಂಕುಳಿನ ದುಗ್ಧಗ್ರಂಥಿಗಳಿಗೆ, ಇಲ್ಲವೆ ಶ್ವಾಸಕೋಶ, ಯಕೃತ್ತಿನಂಥ ದೂರದ ಅಂಗಗಳಿಗೆ ಹಬ್ಬಿ, ಶಸ್ತ್ರಚಿಕಿತ್ಸೆಯೊಂದರಿಂದಲೇ ಪೂರ್ತಿಯಾಗಿ ತೆಗೆದುಹಾಕಲಾಗದ ಸ್ಥಿತಿಗೆ ಬಂದಾಗ ಅದನ್ನು ಮುಂದುವರಿದ ಕ್ಯಾನ್ಸರ್ ಎಂದು ಕರೆಯುವುದು ವಾಡಿಕೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಮತ್ತು ಕರೂರು ಹೋಬಳಿಯ ಜನರಿಗೆ ಈ ಸ್ಥಿತಿಯ ಅತ್ಯಂತ ಪರಿಚಿತ ರೂಪವೆಂದರೆ ಬಾಯಿಯ ಕ್ಯಾನ್ಸರ್. ಭತ್ತದ ಗದ್ದೆಯ ಕೆಲಸದ ನಡುವೆ ದವಡೆಯ ಸಂದಿಯಲ್ಲಿ ಇಟ್ಟುಕೊಂಡ ತಂಬಾಕು, ಗುಟ್ಕಾ ಅಥವಾ ಎಲೆ ಅಡಿಕೆಯ ಉಂಡೆ ವರ್ಷಗಟ್ಟಲೆ ಒಂದೇ ಜಾಗವನ್ನು ಸುಡುತ್ತ ಹೋಗಿ, ಮೊದಲು ಬಿಳಿ ಮಚ್ಚೆಯಾಗಿ, ಆಮೇಲೆ ಮಾಯದ ಹುಣ್ಣಾಗಿ, ಕೊನೆಗೆ ಬಾಯಿ ತೆರೆಯಲೂ ಆಗದ ಗಡ್ಡೆಯಾಗಿ ಬೆಳೆಯುವುದು ಈ ಸೀಮೆಗೆ ಹೊಸದಲ್ಲ. ಹುಣ್ಣು ನೋಯದಿದ್ದಾಗ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ನೋಯತೊಡಗಿದಾಗ ಕಾಯಿಲೆ ಬಹುಪಾಲು ಮುಂದುವರಿದಿರುತ್ತದೆ. ಅಲ್ಲಿಂದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಲ್ಲಿಂದ ಮುಂದೆ ಹುಬ್ಬಳ್ಳಿ ಅಥವಾ ಮುನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರು ಎಂಬ ದಾರಿ ಅನೇಕ ಕುಟುಂಬಗಳಿಗೆ ಗೊತ್ತಿದೆ.

ಆ ದಾರಿಯ ಕೊನೆಯಲ್ಲಿ, ಮಾಡಬೇಕಾದ ಚಿಕಿತ್ಸೆಗಳೆಲ್ಲ ಮುಗಿಯುತ್ತ ಬಂದ ಹೊತ್ತಿಗೆ, ಹೊಸ ಔಷಧವೊಂದು ಬಂದಿದೆ, ಅದನ್ನು ಕೀಮೋದ ಜೊತೆಗೆ ಕೊಟ್ಟು ನೋಡುವ ಟ್ರಯಲ್ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು ಎಂಬ ಮಾತು ಕೆಲವು ರೋಗಿಗಳ ಕಿವಿಗೆ ಬೀಳುತ್ತದೆ. ಈ ಉಪನ್ಯಾಸದ ವಿಷಯ ಆ ಒಂದು ಮಾತಿನ ಅರ್ಥ. ಅದನ್ನು ಹೇಳುವ ವೈದ್ಯರ ಮನಸ್ಸಿನಲ್ಲಿರುವುದು ಒಂದು ಪ್ರಶ್ನೆ. ಕೇಳುವ ಮನೆಯವರ ಮನಸ್ಸಿನಲ್ಲಿ ಮೂಡುವುದು ಒಂದು ಉತ್ತರ. ಇವೆರಡರ ನಡುವಿನ ಅಂತರ ಎಷ್ಟು, ಅದನ್ನು ಪ್ರಾಮಾಣಿಕವಾಗಿ ದಾಟುವುದು ಹೇಗೆ ಎಂಬುದು ಔಷಧಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದ್ದೋ ಕನ್ನಡ ಭಾಷೆಗೂ ಅಷ್ಟೇ ಸಂಬಂಧಿಸಿದ್ದು.

ಕೀಮೋಥೆರಪಿ ಎಂದರೆ ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುವ ರಾಸಾಯನಿಕ ಔಷಧಗಳ ಚಿಕಿತ್ಸೆ. ಕ್ಯಾನ್ಸರ್ ಕೋಶ ಯಾವುದು, ಕೂದಲಿನ ಬುಡದ ಕೋಶ ಯಾವುದು, ಕರುಳಿನ ಒಳಪದರ ಯಾವುದು, ರಕ್ತವನ್ನು ತಯಾರಿಸುವ ಮಜ್ಜೆ ಯಾವುದು ಎಂಬ ಭೇದ ಅದಕ್ಕೆ ಪೂರ್ತಿ ತಿಳಿಯದು. ವಿಭಜನೆಯ ವೇಗವೊಂದೇ ಅದಕ್ಕೆ ಗುರುತು. ಆದ್ದರಿಂದಲೇ ಕೂದಲು ಉದುರುವುದು, ವಾಂತಿಭೇದಿಯಾಗುವುದು, ಬಿಳಿ ರಕ್ತಕಣಗಳು ಇಳಿದು ಸೋಂಕು ತಗಲುವುದು. ಈ ಚಿಕಿತ್ಸೆಯ ಹುಟ್ಟಿನಲ್ಲಿ ನೆರೆಯ ಸೀಮೆಯ ಒಬ್ಬರ ಪಾತ್ರವನ್ನು ಇಲ್ಲಿ ಸ್ಮರಿಸುವುದು ಉಚಿತ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಫೋಲಿಕ್ ಆಮ್ಲದ ಸಂಶೋಧನೆಯಿಂದಲೇ ಆ ಆಮ್ಲವನ್ನು ತಡೆಯುವ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್ ಎಂಬ ಔಷಧಗಳು ಬಂದವು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನಿಂದ ನರಳುತ್ತಿದ್ದ 16 ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು, ಅವರಲ್ಲಿ 10 ಮಕ್ಕಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡಿತೆಂದು 1948ರಲ್ಲಿ ವರದಿ ಮಾಡಿದರು. ತಾತ್ಕಾಲಿಕ ಎಂಬ ಪದವನ್ನು ಅವರು ಮರೆಮಾಚಲಿಲ್ಲ ಎಂಬುದನ್ನು ಗಮನಿಸಬೇಕು. ಮೆಥೊಟ್ರೆಕ್ಸೇಟ್ ಈ ಉಪನ್ಯಾಸದಲ್ಲಿ ಇನ್ನೊಮ್ಮೆ ಎದುರಾಗಲಿದೆ.

ಗುರಿನಿರ್ದೇಶಿತ ಔಷಧ, ಅಂದರೆ ಆಸ್ಪತ್ರೆಗಳಲ್ಲಿ ಟಾರ್ಗೆಟೆಡ್ ಥೆರಪಿ ಎಂದು ಕರೆಯುವ ಚಿಕಿತ್ಸೆ, ಬೇರೆ ದಾರಿ ಹಿಡಿಯುತ್ತದೆ. ಕ್ಯಾನ್ಸರ್ ಕೋಶ ಬೆಳೆಯಲು ಅದರ ಮೇಲ್ಮೈಯಲ್ಲೋ ಒಳಗೋ ಇರುವ ಕೆಲವು ಪ್ರೋಟೀನುಗಳು ಬೆಳೆ ಬೆಳೆ ಎಂಬ ಸಂದೇಶವನ್ನು ಎಡೆಬಿಡದೆ ಕಳಿಸುತ್ತಿರುತ್ತವೆ. ಈ ಔಷಧ ಅಂಥ ಒಂದು ಪ್ರೋಟೀನನ್ನೇ ಹುಡುಕಿ ಅಂಟಿಕೊಂಡು ಸಂದೇಶವನ್ನು ತಡೆಯುತ್ತದೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ: ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುವ, ಕೋಶದ ಹೊರಮೈಗೆ ಅಂಟುವ ಪ್ರತಿಕಾಯಗಳು ಒಂದು ಬಗೆ, ಮಾತ್ರೆಯಾಗಿ ನುಂಗುವ, ಕೋಶದ ಒಳಹೊಕ್ಕು ಕಿಣ್ವವನ್ನು ತಡೆಯುವ ಸಣ್ಣ ಅಣುಗಳು ಇನ್ನೊಂದು ಬಗೆ. ಮೊದಲ ಬಗೆಯ ಟ್ರಾಸ್ಟುಜುಮ್ಯಾಬ್ ಸ್ತನ ಕ್ಯಾನ್ಸರಿಗಾಗಿ 1998ರಲ್ಲಿ, ಎರಡನೆಯ ಬಗೆಯ ಇಮ್ಯಾಟಿನಿಬ್ ಒಂದು ಬಗೆಯ ರಕ್ತಕ್ಯಾನ್ಸರಿಗಾಗಿ 2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಗುರಿ ಎಂಬ ಪದ ಕೇಳಿದಾಗ ಇವುಗಳಿಂದ ಅಡ್ಡಪರಿಣಾಮವೇ ಇಲ್ಲವೆಂಬ ಭಾವನೆ ಮೂಡುವುದು ಸಹಜ, ಆದರೆ ಅದು ತಪ್ಪು. ಗುರಿಯಾದ ಪ್ರೋಟೀನು ಚರ್ಮದಲ್ಲಿಯೂ ಕರುಳಿನಲ್ಲಿಯೂ ಹೃದಯದಲ್ಲಿಯೂ ಇರುವುದರಿಂದ ಮೈಮೇಲೆ ಗುಳ್ಳೆ, ಭೇದಿ, ಹೃದಯದ ದೌರ್ಬಲ್ಯ ಈ ಔಷಧಗಳ ಬೆನ್ನಿಗೇ ಬರುತ್ತವೆ.

ಒಂದು ಔಷಧ ಕೋಶವನ್ನು ಹೊಡೆಯುತ್ತದೆ, ಇನ್ನೊಂದು ಅದರ ಬೆಳವಣಿಗೆಯ ಸಂದೇಶವನ್ನು ತಡೆಯುತ್ತದೆ, ಆದ್ದರಿಂದ ಎರಡನ್ನೂ ಕೂಡಿಸಿದರೆ ಫಲ ಇಮ್ಮಡಿಯಾಗಬೇಕು ಎಂಬುದು ಕೇಳಲು ಸರಳವಾದ ತರ್ಕ. ದೇಹ ಈ ಲೆಕ್ಕವನ್ನು ಒಪ್ಪುವುದಿಲ್ಲ. ಟ್ರಾಸ್ಟುಜುಮ್ಯಾಬನ್ನು ಕೀಮೋದ ಜೊತೆ ಕೊಟ್ಟು 469 ಮಹಿಳೆಯರಲ್ಲಿ ಪರೀಕ್ಷಿಸಿದ, 2001ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಜೋಡಿ ಚಿಕಿತ್ಸೆ ಪಡೆದವರು ಸರಾಸರಿ 25.1 ತಿಂಗಳು, ಕೀಮೋ ಮಾತ್ರ ಪಡೆದವರು 20.3 ತಿಂಗಳು ಬದುಕಿದರು; ಇಲ್ಲಿ ಸರಾಸರಿ ಎಂದರೆ ಅರ್ಧದಷ್ಟು ರೋಗಿಗಳು ದಾಟಿದ ಕಾಲ. ಗೆಲುವು ನಿಜವಾಗಿತ್ತು. ಆದರೆ ಆಂಥ್ರಾಸೈಕ್ಲಿನ್ ಎಂಬ ಗುಂಪಿನ ಕೀಮೋದ ಜೊತೆ ಈ ಪ್ರತಿಕಾಯ ಪಡೆದವರಲ್ಲಿ ಶೇಕಡ 27 ಮಂದಿಗೆ ಹೃದಯದ ತೊಂದರೆ ಕಾಣಿಸಿತು, ಅದೇ ಕೀಮೋವನ್ನು ಒಂಟಿಯಾಗಿ ಪಡೆದವರಲ್ಲಿ ಆ ಪ್ರಮಾಣ ಶೇಕಡ 8 ಇತ್ತು. ಎರಡೂ ಔಷಧಗಳು ಬೇರೆ ಬೇರೆಯಾಗಿ ಹೃದಯಕ್ಕೆ ಮಾಡುವ ಹಾನಿ ಒಂದೆಡೆ ಸೇರಿದಾಗ ಎಷ್ಟಾದೀತೆಂದು ಕಾಗದದ ಮೇಲೆ ಯಾರೂ ಲೆಕ್ಕ ಹಾಕಿರಲಿಲ್ಲ. ಜೋಡಿ ಔಷಧಗಳನ್ನು ಮೊದಲಿನಿಂದ, ಸ್ವಲ್ಪ ಸ್ವಲ್ಪವಾಗಿ, ಕೆಲವೇ ಜನರಲ್ಲಿ ಪರೀಕ್ಷಿಸಲೇಬೇಕೆಂಬ ನಿಯಮದ ಹಿಂದಿನ ಕಾರಣ ಇಂಥ ಅನುಭವಗಳೇ.

ಹಾಗೆ ಕೆಲವೇ ಜನರಲ್ಲಿ ನಡೆಯುವ ಪರೀಕ್ಷೆಗೆ ಮೊದಲ ಹಂತದ ಪ್ರಯೋಗವೆಂದು ಹೆಸರು. ಇತರ ಅನೇಕ ಔಷಧಗಳ ಮೊದಲ ಹಂತದಲ್ಲಿ ಆರೋಗ್ಯವಂತ ಸ್ವಯಂಸೇವಕರು ಭಾಗವಹಿಸುತ್ತಾರೆ. ಕ್ಯಾನ್ಸರ್ ಔಷಧಗಳು ವಿಷಮಯವಾದ್ದರಿಂದ ಇಲ್ಲಿ ಭಾಗವಹಿಸುವವರು ಸಾಮಾನ್ಯವಾಗಿ ರೋಗಿಗಳೇ, ಅದರಲ್ಲಿಯೂ ರೂಢಿಯ ಚಿಕಿತ್ಸೆ ಫಲಿಸದೆ ಹೋದವರು. ಈ ಹಂತದ ಪ್ರಶ್ನೆ ಔಷಧ ಕಾಯಿಲೆಯನ್ನು ಗುಣಪಡಿಸುತ್ತದೆಯೇ ಎಂಬುದಲ್ಲ. ಎಷ್ಟು ಡೋಸನ್ನು ದೇಹ ತಾಳಿಕೊಳ್ಳುತ್ತದೆ ಎಂಬುದು. ಬಹುಕಾಲದಿಂದ ರೂಢಿಯಲ್ಲಿರುವ ಕ್ರಮದಲ್ಲಿ ಮೊದಲ ಮೂವರು ರೋಗಿಗಳಿಗೆ ಅತ್ಯಂತ ಕಡಿಮೆ ಡೋಸು ಕೊಟ್ಟು ಮೂರು ನಾಲ್ಕು ವಾರ ಕಾಯುತ್ತಾರೆ. ಯಾರಿಗೂ ತೀವ್ರ ತೊಂದರೆಯಾಗದಿದ್ದರೆ ಮುಂದಿನ ಮೂವರಿಗೆ ಒಂದು ಮೆಟ್ಟಿಲು ಹೆಚ್ಚಿನ ಡೋಸು; ಒಬ್ಬರಿಗೆ ತೊಂದರೆಯಾದರೆ ಅದೇ ಮೆಟ್ಟಿಲಿನಲ್ಲಿ ಇನ್ನೂ ಮೂವರು; ಇಬ್ಬರಿಗೆ ತೊಂದರೆಯಾದರೆ ಅಲ್ಲಿಗೆ ಏರುವುದನ್ನು ನಿಲ್ಲಿಸಿ ಹಿಂದಿನ ಮೆಟ್ಟಿಲಿಗೆ ಇಳಿಯುತ್ತಾರೆ. ಹೀಗೆ ಸಿಗುವ ಡೋಸಿಗೆ ತಾಳಬಹುದಾದ ಗರಿಷ್ಠ ಡೋಸು ಎನ್ನುತ್ತಾರೆ.

ಜೋಡಿ ಔಷಧಗಳಲ್ಲಿ ಏರಬೇಕಾದ ಏಣಿಗಳು ಎರಡು. ಕೀಮೋದ ಡೋಸನ್ನು ಪೂರ್ತಿ ಇಟ್ಟು ಹೊಸ ಔಷಧವನ್ನು ಮಾತ್ರ ಏರಿಸಬೇಕೇ, ಎರಡನ್ನೂ ಅರೆಪಾಲಿನಿಂದ ಆರಂಭಿಸಬೇಕೇ, ಎರಡೂ ಒಂದೇ ದಿನವೇ ಅಥವಾ ಒಂದರ ಬೆನ್ನಿಗೆ ಇನ್ನೊಂದೇ, ಎರಡಕ್ಕೂ ಭೇದಿ ಸಾಮಾನ್ಯವಾದರೆ ತೊಂದರೆ ಯಾವುದರಿಂದ ಬಂತೆಂದು ಹೇಳುವುದು ಹೇಗೆ, ಯಕೃತ್ತಿನ ಒಂದೇ ಕಿಣ್ವ ಎರಡನ್ನೂ ಕರಗಿಸಬೇಕಾದಾಗ ರಕ್ತದಲ್ಲಿ ಒಂದರ ಮಟ್ಟ ಇನ್ನೊಂದರಿಂದ ಏರುವುದಿಲ್ಲವೇ ಎಂಬ ಪ್ರಶ್ನೆಗಳೆಲ್ಲ ಒಟ್ಟಿಗೆ ಎದುರಾಗುತ್ತವೆ. ಇದರ ಮೇಲೆ ಮೂವರು ಮೂವರಂತೆ ನೋಡುವ ಕ್ರಮಕ್ಕೆ ತನ್ನದೇ ಆದ ಕುರುಡೂ ಇದೆ. ಒಂದು ಡೋಸು ನಿಜಕ್ಕೂ ನೂರರಲ್ಲಿ ಮೂವತ್ತು ಮಂದಿಗೆ ತೀವ್ರ ತೊಂದರೆ ಕೊಡುವಂಥದ್ದೆಂದು ಭಾವಿಸಿದರೆ, ಅದನ್ನು ಪಡೆದ ಮೂವರಲ್ಲಿ ಒಬ್ಬರಿಗೂ ತೊಂದರೆಯಾಗದೆ ಪಾರಾಗುವ ಸಂಭವ ಶೇಕಡ 34. ಅಂದರೆ ಮೂರರಲ್ಲಿ ಒಂದು ಸಲ ಅಪಾಯಕಾರಿ ಡೋಸು ನಿರಪಾಯವಾಗಿ ಕಾಣುತ್ತದೆ. ಈ ಕಾರಣಕ್ಕೇ ಇತ್ತೀಚಿನ ವರ್ಷಗಳಲ್ಲಿ ಹಿಂದಿನ ರೋಗಿಗಳ ಅನುಭವವನ್ನೆಲ್ಲ ಸಂಭಾವ್ಯತೆಯ ಲೆಕ್ಕಕ್ಕೆ ಸೇರಿಸಿ ಮುಂದಿನ ಡೋಸನ್ನು ನಿರ್ಧರಿಸುವ ಕ್ರಮಗಳು ಬಳಕೆಗೆ ಬಂದಿವೆ.

ಗರಿಷ್ಠವೇ ಉತ್ತಮ ಎಂಬ ನಂಬಿಕೆ ಕೀಮೋದ ಕಾಲದ್ದು. ಗುರಿನಿರ್ದೇಶಿತ ಔಷಧದಲ್ಲಿ ಗುರಿಯಾದ ಪ್ರೋಟೀನು ಪೂರ್ತಿ ತಡೆಗೊಂಡ ಮೇಲೆ ಇನ್ನಷ್ಟು ಔಷಧ ಸುರಿದರೆ ಹೆಚ್ಚುವುದು ತೊಂದರೆ ಮಾತ್ರ. ಆದ್ದರಿಂದ ಕೆಲವು ಪ್ರಯೋಗಗಳು ತಾಳಬಹುದಾದ ಗರಿಷ್ಠ ಡೋಸಿನ ಬದಲು ಜೈವಿಕವಾಗಿ ಸಾಕಾಗುವ ಡೋಸನ್ನು ಹುಡುಕುತ್ತವೆ. ಈ ಸೀಮೆಯ ಕಾಯಿಲೆಗೆ ನೇರವಾಗಿ ಸಂಬಂಧಿಸಿದ ಅಂಥ ಒಂದು ಪ್ರಯೋಗ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. ಪ್ಲಾಟಿನಂ ಗುಂಪಿನ ಕೀಮೋ ಫಲಿಸದ ಬಾಯಿಯ ಕ್ಯಾನ್ಸರ್ ರೋಗಿಗಳಿಗೆ ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮೊದಲಾದ ವೈದ್ಯರು ಮೂರು ಮಾತ್ರೆಗಳನ್ನು ಕೂಡಿಸಿ ಕೊಟ್ಟರು: ಸುಬ್ಬರಾವ್ ಅವರ ಕಾಲದ ಹಳೆಯ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಉರಿಯೂತ ತಗ್ಗಿಸುವ ಸೆಲೆಕಾಕ್ಸಿಬ್ ದಿನಕ್ಕೆರಡು ಬಾರಿ, ಇಜಿಎಫ್‌ಆರ್ ಎಂಬ ಬೆಳವಣಿಗೆಯ ಪ್ರೋಟೀನನ್ನು ತಡೆಯುವ ಎರ್ಲೋಟಿನಿಬ್ ದಿನಕ್ಕೊಮ್ಮೆ. ಕಡಿಮೆ ಡೋಸನ್ನು ವಿರಾಮವಿಲ್ಲದೆ ಕೊಡುವ ಈ ಬಗೆಗೆ ಮೆಟ್ರೊನೊಮಿಕ್ ಚಿಕಿತ್ಸೆ ಎನ್ನುತ್ತಾರೆ. ಗಡ್ಡೆಗೆ ಆಹಾರ ಒಯ್ಯುವ ಹೊಸ ರಕ್ತನಾಳಗಳು ಹುಟ್ಟದಂತೆ ನೋಡಿಕೊಳ್ಳುವುದು ಇದರ ಮುಖ್ಯ ಉದ್ದೇಶ. ಮೊದಲ ಹಂತದ 15 ರೋಗಿಗಳಿಂದ ಮೆಥೊಟ್ರೆಕ್ಸೇಟಿನ ಸಾಕಾಗುವ ಡೋಸು ದೇಹದ ಮೇಲ್ಮೈಯ ಚದರ ಮೀಟರಿಗೆ 9 ಮಿಲಿಗ್ರಾಂ ಎಂದು ನಿಗದಿಯಾಯಿತು. ಎರಡನೆಯ ಹಂತದ 76 ಮಂದಿಯನ್ನೂ ಸೇರಿಸಿ ಒಟ್ಟು 91 ರೋಗಿಗಳಲ್ಲಿ ಶೇಕಡ 42.9ರಷ್ಟು ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು, ಆರು ತಿಂಗಳ ಬಳಿಕ ಬದುಕಿದ್ದವರು ಶೇಕಡ 61.2. ಬೇರೆ ದಾರಿ ಉಳಿಯದವರಲ್ಲಿ ಇದು ಸಣ್ಣ ಫಲವಲ್ಲ. ಇಲ್ಲಿ ಇನ್ನೊಂದು ಸಂಗತಿಗೆ ಹೆಚ್ಚು ಬೆಲೆ ಕೊಡಬೇಕು: ವಾರವಾರವೂ ಆಸ್ಪತ್ರೆಯ ಮಂಚದಲ್ಲಿ ಮಲಗಿ ಬಾಟಲಿ ಏರಿಸಿಕೊಳ್ಳುವ ಅಗತ್ಯವಿಲ್ಲದ, ಊರಿನಲ್ಲಿದ್ದೇ ನುಂಗಬಹುದಾದ ಚಿಕಿತ್ಸೆಯನ್ನು ಈ ವೈದ್ಯರು ತಮ್ಮ ಪ್ರಶ್ನೆಯನ್ನಾಗಿ ಆರಿಸಿಕೊಂಡರು. ರಾಜಧಾನಿಯಿಂದ ದೂರದಲ್ಲಿ ಬದುಕುವ, ದಿನದ ಕೂಲಿಯನ್ನು ನಂಬಿದ ರೋಗಿಗೆ ಯಾವ ಔಷಧ ಎಂಬುದರಷ್ಟೇ ಅದನ್ನು ಎಲ್ಲಿ ಪಡೆಯಬೇಕು ಎಂಬುದೂ ಮುಖ್ಯ.

ಗುರಿಯೇ ಇಲ್ಲದವರಿಗೆ ಗುರಿನಿರ್ದೇಶಿತ ಔಷಧ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಶ್ವಾಸಕೋಶದ ಕ್ಯಾನ್ಸರಿನ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. ಇಜಿಎಫ್‌ಆರ್ ತಡೆಯುವ ಜೆಫಿಟಿನಿಬ್ ಮಾತ್ರೆಯನ್ನು ಕೀಮೋದ ಜೊತೆಗೆ ಕೊಡಬಹುದು, ದೇಹ ತಾಳಿಕೊಳ್ಳುತ್ತದೆ ಎಂದು ಆರಂಭದ ಪ್ರಯೋಗ ಹೇಳಿತ್ತು. ಅದನ್ನು ನಂಬಿ ಇಂಟ್ಯಾಕ್ಟ್ ಎಂಬ ಹೆಸರಿನ ಎರಡು ದೊಡ್ಡ ಪ್ರಯೋಗಗಳಲ್ಲಿ ಕ್ರಮವಾಗಿ 1,093 ಮತ್ತು 1,037 ರೋಗಿಗಳಲ್ಲಿ ಪರೀಕ್ಷಿಸಿದಾಗ, 2004ರಲ್ಲಿ ಹೊರಬಂದ ಫಲಿತಾಂಶ ಶೂನ್ಯ: ಕೀಮೋ ಒಂದನ್ನೇ ಪಡೆದವರಿಗಿಂತ ಯಾರೂ ಹೆಚ್ಚು ಕಾಲ ಬದುಕಲಿಲ್ಲ. ಅದೇ 2004ರಲ್ಲಿ, ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಇಜಿಎಫ್‌ಆರ್ ವಂಶವಾಹಿಯಲ್ಲಿ ನಿರ್ದಿಷ್ಟ ಮಾರ್ಪಾಡು ಇರುವ ಗಡ್ಡೆಗಳಲ್ಲಿ ಎಂಬುದು ಬೆಳಕಿಗೆ ಬಂತು. ವಿಫಲವಾದ ಪ್ರಯೋಗಗಳಲ್ಲಿ ರೋಗಿಗಳನ್ನು ಆ ಪರೀಕ್ಷೆಯಿಂದ ಆರಿಸಿರಲಿಲ್ಲ. ಇದಲ್ಲದೆ, ಸಂದೇಶ ತಡೆದಾಗ ಕೋಶ ವಿಭಜಿಸುವುದನ್ನು ನಿಲ್ಲಿಸಿ ಸುಮ್ಮನಾಗುತ್ತದೆ, ಸುಮ್ಮನಾದ ಕೋಶವನ್ನು ಕೀಮೋ ಕೊಲ್ಲಲಾರದು, ಹಾಗಾಗಿ ಒಂದು ಔಷಧ ಇನ್ನೊಂದರ ಕೈ ಕಟ್ಟಿಹಾಕಿರಬಹುದು ಎಂಬ ವಿವರಣೆಯೂ ಮುಂದೆ ಬಂತು. ಹದಿನೈದು ವರ್ಷಗಳ ಬಳಿಕ ವನಿತಾ ನರೋನ್ಹಾ ಮತ್ತು ಸಂಗಡಿಗರು ಮುಂಬೈನಲ್ಲಿಯೇ ಮಾರ್ಪಾಡು ಇರುವ 350 ರೋಗಿಗಳನ್ನು ಮಾತ್ರ ಆರಿಸಿ ಅದೇ ಜೆಫಿಟಿನಿಬನ್ನು ಪೆಮೆಟ್ರೆಕ್ಸೆಡ್, ಕಾರ್ಬೊಪ್ಲಾಟಿನ್ ಎಂಬ ಕೀಮೋಗಳೊಂದಿಗೆ ಕೊಟ್ಟಾಗ, ಕಾಯಿಲೆ ಮತ್ತೆ ಬೆಳೆಯದೆ ಉಳಿದ ಕಾಲ ಮಾತ್ರೆಯೊಂದನ್ನೇ ಪಡೆದವರ 8 ತಿಂಗಳಿಂದ 16 ತಿಂಗಳಿಗೆ ಏರಿತು. ಆ ಲಾಭಕ್ಕೆ ತೆತ್ತ ಬೆಲೆಯನ್ನೂ ಅವರು ಬರೆದರು: ತೀವ್ರ ಅಡ್ಡಪರಿಣಾಮ ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇಕಡ 25, ಜೋಡಿ ಪಡೆದವರಲ್ಲಿ ಶೇಕಡ 51. ಔಷಧವೂ ಜೋಡಿಯ ತರ್ಕವೂ ಎರಡು ಸಲವೂ ಅವೇ ಆಗಿದ್ದವು. ಬದಲಾದದ್ದು ಮುಖ್ಯವಾಗಿ ಯಾರಿಗೆ ಕೊಡಬೇಕೆಂಬ ತಿಳಿವು.

ಕರ್ನಾಟಕದ ಮಟ್ಟಿಗೆ ಈ ವಿಷಯದ ಅತ್ಯಂತ ಮಹತ್ವದ ಅಧ್ಯಾಯ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯದ್ದು. ಇದು ಹುಟ್ಟಿದ್ದು ಸಿರಿವಂತ ದೇಶವೊಂದರಲ್ಲಲ್ಲ, ಕ್ಯೂಬಾದ ಹವಾನಾದಲ್ಲಿರುವ ಅಣು ಪ್ರತಿರಕ್ಷಾ ಕೇಂದ್ರದಲ್ಲಿ. ಇಲಿಯಿಂದ ಪಡೆದ ಪ್ರತಿಕಾಯವೊಂದನ್ನು ಮನುಷ್ಯದೇಹ ಒಪ್ಪುವಂತೆ ಮಾರ್ಪಡಿಸಿ, ಇಜಿಎಫ್‌ಆರ್ ಅನ್ನು ತಡೆಯುವಂತೆ ಅಲ್ಲಿನ ವಿಜ್ಞಾನಿಗಳು ರೂಪಿಸಿದರು. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರ್ ಇದ್ದ 24 ಕ್ಯೂಬನ್ ರೋಗಿಗಳಲ್ಲಿ ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ 400 ಮಿಲಿಗ್ರಾಂವರೆಗೆ ಏರಿಸುತ್ತ, ಜನ ಕರೆಂಟ್ ಕೊಡುವುದು ಎಂದು ಕರೆಯುವ ವಿಕಿರಣ ಚಿಕಿತ್ಸೆಯ ಜೊತೆಗೆ ಕೊಟ್ಟು ನೋಡಿದ ವರದಿ 2004ರಲ್ಲಿ ಬಂತು. ಇದೇ ಗುಂಪಿನ ಇತರ ಔಷಧಗಳಲ್ಲಿ ಸಾಮಾನ್ಯವಾದ ಚರ್ಮದ ಗುಳ್ಳೆಗಳು ಇದರಲ್ಲಿ ಕಾಣಲಿಲ್ಲ. ಇಜಿಎಫ್‌ಆರ್ ದಟ್ಟವಾಗಿರುವ ಕೋಶದ ಮೇಲೆ ಎರಡೂ ತೋಳು ಚಾಚಿ ಹಿಡಿದಾಗಲೇ ಇದು ಗಟ್ಟಿಯಾಗಿ ಅಂಟುತ್ತದೆ, ಪ್ರೋಟೀನು ವಿರಳವಾಗಿರುವ ಚರ್ಮದ ಕೋಶದಿಂದ ಜಾರಿಹೋಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಬೆಂಗಳೂರಿನ ಬಯೋಕಾನ್ ಸಂಸ್ಥೆ ಕ್ಯೂಬಾದ ಕೇಂದ್ರದೊಂದಿಗೆ ಕೈಜೋಡಿಸಿ ಈ ಔಷಧವನ್ನು ಭಾರತಕ್ಕೆ ತಂದಿತು. ಆಗ ಭಾರತದ ರೋಗಿಗಳಲ್ಲಿ ನಡೆದದ್ದು ಬೆಸ್ಟ್ ಎಂಬ ಹೆಸರಿನ, ಎರಡನೆಯ ಹಂತದ ಪ್ರಯೋಗ. 1973ರಲ್ಲಿ ಸ್ಥಾಪನೆಯಾಗಿ ರಾಜ್ಯದ ಬಡ ರೋಗಿಗಳ ಮುಖ್ಯ ಆಸರೆಯಾಗಿರುವ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ವೈದ್ಯರೂ ಇದರಲ್ಲಿದ್ದರು, ಬಿ.ಕೆ.ಎಂ. ರೆಡ್ಡಿ, ವಿ. ಲೋಕೇಶ್, ಎಂ.ಎಸ್. ವಿದ್ಯಾಸಾಗರ್ ಮೊದಲಾದವರ ಹೆಸರಿನಲ್ಲಿ ಐದು ವರ್ಷಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಒಗ್ಗದಷ್ಟು ಮುಂದುವರಿದ ತಲೆ ಕುತ್ತಿಗೆಯ ಕ್ಯಾನ್ಸರಿನ 92 ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ವಿಕಿರಣ ಮಾತ್ರ, ಒಂದಕ್ಕೆ ವಿಕಿರಣ ಮತ್ತು ಹೊಸ ಔಷಧ, ಒಂದಕ್ಕೆ ವಿಕಿರಣ ಮತ್ತು ಕೀಮೋ, ಇನ್ನೊಂದಕ್ಕೆ ಮೂರನ್ನೂ ಕೊಡಲಾಯಿತು. ಹೊಸ ಔಷಧದ ಡೋಸು ವಾರಕ್ಕೆ 200 ಮಿಲಿಗ್ರಾಂನಂತೆ ಆರು ವಾರ. ಐದು ವರ್ಷಗಳ ಕೊನೆಗೆ ಮೂರನ್ನೂ ಪಡೆದವರಲ್ಲಿ ಶೇಕಡ 57 ಮಂದಿ, ವಿಕಿರಣ ಮತ್ತು ಕೀಮೋ ಮಾತ್ರ ಪಡೆದವರಲ್ಲಿ ಶೇಕಡ 26 ಮಂದಿ ಬದುಕಿದ್ದರು. ಈ ಪ್ರಯೋಗದ ಆರಂಭದ ಫಲಿತಾಂಶಗಳ ಬಲದ ಮೇಲೆಯೇ ಔಷಧ 2006ರಲ್ಲಿ ಬಯೋಮ್ಯಾಬ್ ಇಜಿಎಫ್‌ಆರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತ್ತು.

ಶೇಕಡ 57 ಮತ್ತು 26 ಎಂಬ ಸಂಖ್ಯೆಗಳು ಕಣ್ಣು ಕೋರೈಸುತ್ತವೆ, ಆದ್ದರಿಂದಲೇ ಅವುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. 92 ಮಂದಿಯನ್ನು ನಾಲ್ಕಾಗಿ ಹಂಚಿದರೆ ಒಂದು ಗುಂಪಿಗೆ ಬರುವುದು 23 ಮಂದಿ. ಶೇಕಡ 57 ಎಂದರೆ ಸುಮಾರು 13 ಜನ, ಶೇಕಡ 26 ಎಂದರೆ ಸುಮಾರು 6 ಜನ. ಒಟ್ಟು ವ್ಯತ್ಯಾಸ ಏಳು ಮನುಷ್ಯರದು. ಆ ಏಳು ಜೀವಗಳ ಬೆಲೆ ಅವರವರ ಮನೆಗೆ ಲೆಕ್ಕಕ್ಕೆ ಸಿಗದಷ್ಟು ದೊಡ್ಡದು. ಆದರೆ ಮುಂದೆ ಬರುವ ಸಾವಿರಾರು ರೋಗಿಗಳ ಪರವಾಗಿ ನಿರ್ಣಯ ಮಾಡುವುದಕ್ಕೆ ಅದು ಚಿಕ್ಕ ಸಂಖ್ಯೆ. ಒಂದು ಗುಂಪಿನಲ್ಲಿ ಆಕಸ್ಮಿಕವಾಗಿ ಮೂರು ನಾಲ್ಕು ಮಂದಿ ಗಟ್ಟಿಮುಟ್ಟಾದವರು ಸೇರಿದ್ದರೂ ಚಿತ್ರ ಬದಲಾಗುತ್ತದೆ. ಈ ಸಂದೇಹವನ್ನು ತೀರಿಸಲು ಟಾಟಾ ಸ್ಮಾರಕ ಆಸ್ಪತ್ರೆ ಅದೇ ಪ್ರಶ್ನೆಯನ್ನು 536 ರೋಗಿಗಳ ಮುಂದಿಟ್ಟಿತು. 2019ರಲ್ಲಿ ಪ್ರಕಟವಾದ ಆ ಮೂರನೆಯ ಹಂತದ ಪ್ರಯೋಗದಲ್ಲಿ, ಎರಡು ವರ್ಷ ಕಾಯಿಲೆ ಮತ್ತೆ ಬೆಳೆಯದೆ ಉಳಿದವರು ಕೀಮೋ ಮತ್ತು ವಿಕಿರಣದ ಗುಂಪಿನಲ್ಲಿ ಶೇಕಡ 50.1, ನಿಮೊಟುಜುಮ್ಯಾಬ್ ಸೇರಿದ ಗುಂಪಿನಲ್ಲಿ ಶೇಕಡ 61.8. ಎರಡು ವರ್ಷದ ಬಳಿಕ ಬದುಕಿದ್ದವರು ಶೇಕಡ 57.7 ಮತ್ತು 63.8, ಬದುಕುಳಿದವರ ಈ ಅಂತರ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಹೇಳಲಾಗಲಿಲ್ಲ. ಔಷಧಕ್ಕೆ ಗುಣವಿದೆ ಎಂಬ ಬೆಂಗಳೂರಿನ ಸುಳಿವು ಸುಳ್ಳಾಗಲಿಲ್ಲ. ಆ ಗುಣದ ಗಾತ್ರ ಮಾತ್ರ ಮೊದಲು ಕಂಡದ್ದಕ್ಕಿಂತ ಬಹಳ ಚಿಕ್ಕದಾಯಿತು. ಆರಂಭಿಕ ಪ್ರಯೋಗಗಳ ಬಗ್ಗೆ ಒಂದೇ ಒಂದು ಸಂಗತಿಯನ್ನು ಜನ ನೆನಪಿಟ್ಟುಕೊಳ್ಳಬೇಕೆಂದರೆ, 92 ಮತ್ತು 536 ಎಂಬ ಈ ಎರಡು ಸಂಖ್ಯೆಗಳ ನಡುವೆ ನಡೆದುದನ್ನು ನೆನಪಿಟ್ಟುಕೊಂಡರೆ ಸಾಕು. ಸಣ್ಣ ಪ್ರಯೋಗ ದಾರಿ ತೋರಿಸಬಲ್ಲದು, ದೂರ ಎಷ್ಟೆಂದು ಹೇಳಲಾರದು. ಈ ತಿಳಿವು ಎರಡನೆಯ ಹಂತಕ್ಕೇ ಇಷ್ಟು ಅಗತ್ಯವಾದರೆ, ಹತ್ತಿಪ್ಪತ್ತು ಮಂದಿಯ ಮೊದಲ ಹಂತಕ್ಕೆ ಇನ್ನೆಷ್ಟು ಅಗತ್ಯ!

ಹಾಗಾದರೆ ಮೊದಲ ಹಂತಕ್ಕೆ ಸೇರುವ ರೋಗಿಗೆ ದಕ್ಕುವುದೇನು? ಅಮೆರಿಕದಲ್ಲಿ 1991ರಿಂದ 2002ರವರೆಗೆ ನಡೆದ 460 ಮೊದಲ ಹಂತದ ಕ್ಯಾನ್ಸರ್ ಪ್ರಯೋಗಗಳ, 11,935 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇಕಡ 10.6 ಮಂದಿಯಲ್ಲಿ; ಔಷಧದ ವಿಷದಿಂದಲೇ ಸತ್ತವರು ಶೇಕಡ 0.49, ಅಂದರೆ ಇನ್ನೂರಕ್ಕೆ ಒಬ್ಬರು. ಹೊಚ್ಚಹೊಸ ಕೀಮೋ ಔಷಧವೊಂದನ್ನೇ ಪರೀಕ್ಷಿಸಿದ ಪ್ರಯೋಗಗಳಲ್ಲಿ ಫಲ ಕಂಡವರು ಶೇಕಡ 4.4 ಮಾತ್ರ, ಆದರೆ ಆಗಲೇ ಮಾನ್ಯತೆ ಪಡೆದ ಔಷಧವೊಂದಾದರೂ ಸೇರಿದ್ದ ಪ್ರಯೋಗಗಳಲ್ಲಿ ಅದು ಶೇಕಡ 17.8. ಹೊಸ ಔಷಧವನ್ನು ಹಳೆಯ ಕೀಮೋದ ಜೊತೆ ಜೋಡಿಸುವ ಪ್ರಯೋಗ ರೋಗಿಗೆ ತುಸು ಹೆಚ್ಚು ಅನುಕೂಲಕರ ಎಂಬುದಕ್ಕೆ ಇದು ಆಧಾರ, ಏಕೆಂದರೆ ಹೊಸದು ಕೈಕೊಟ್ಟರೂ ಹಳೆಯದು ಸ್ವಲ್ಪವಾದರೂ ಕೆಲಸ ಮಾಡುತ್ತಿರುತ್ತದೆ. ಹೀಗಿದ್ದೂ ಹತ್ತರಲ್ಲಿ ಎಂಟು ಮಂದಿಗೆ ಗಡ್ಡೆ ಕುಗ್ಗುವುದಿಲ್ಲ ಎಂಬುದು ಉಳಿಯುವ ಸತ್ಯ.

ಈ ಸತ್ಯವನ್ನು ಹೇಳಿದರೂ ಅದು ರೋಗಿಯ ಮನಸ್ಸಿಗೆ ಇಳಿಯುವುದಿಲ್ಲ ಎಂಬುದನ್ನು ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲಿಯೇ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಚಿಕಿತ್ಸೆಯೆಂಬ ತಪ್ಪುಗ್ರಹಿಕೆ ಎನ್ನಬಹುದು. ಪ್ರಯೋಗದ ಪ್ರತಿಯೊಂದು ಹೆಜ್ಜೆಯನ್ನೂ ತನ್ನ ಒಳಿತಿಗಾಗಿಯೇ ಯೋಜಿಸಲಾಗಿದೆ ಎಂದು ರೋಗಿ ನಂಬುವುದು ಈ ತಪ್ಪುಗ್ರಹಿಕೆ. ಇದರಲ್ಲಿ ರೋಗಿಯ ದಡ್ಡತನವೇನೂ ಇಲ್ಲ. ಬಿಳಿ ಕೋಟು ಹಾಕಿದ ವೈದ್ಯರು ಇಷ್ಟು ದಿನ ತನ್ನ ಒಳಿತಿಗಾಗಿಯೇ ಔಷಧ ಕೊಟ್ಟಿರುವಾಗ, ಅದೇ ಕೋಣೆಯಲ್ಲಿ, ಅದೇ ವೈದ್ಯರು, ಅದೇ ಧ್ವನಿಯಲ್ಲಿ ಮುಂದಿನ ಔಷಧವನ್ನು ಪ್ರಶ್ನೆಯಾಗಿ ಕೊಡುತ್ತಿದ್ದಾರೆಂದು ಅವರು ತಾವಾಗಿಯೇ ಊಹಿಸುವುದು ಹೇಗೆ? ಸಾಲ ಮಾಡಿ ಬಂದ ಮನೆಯವರಿಗೆ ಇನ್ನೇನೂ ಮಾಡಲಾಗುವುದಿಲ್ಲ ಎಂಬ ಮಾತಿಗಿಂತ ಹೊಸ ಔಷಧವಿದೆ ಎಂಬ ಮಾತು ಹಿತವಾಗಿ ಕೇಳುವುದು ಮನುಷ್ಯಸಹಜ.

ಭಾರತದ ಕಾನೂನು ಈ ಅಸಮತೆಯನ್ನು ಕಂಡಿದೆ. 2009ರ ಜೂನ್ 15ರಿಂದ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವಾಯಿತು. ಯಾವ ಆಸ್ಪತ್ರೆಯಲ್ಲಿ ಯಾವ ಪ್ರಯೋಗ ನಡೆಯುತ್ತಿದೆ ಎಂಬುದನ್ನು ಯಾರು ಬೇಕಾದರೂ ಅಲ್ಲಿ ಹಣ ಕೊಡದೆ ನೋಡಬಹುದು. 2019ರ ಮಾರ್ಚ್ 19ರಂದು ಜಾರಿಗೆ ಬಂದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ನೈತಿಕ ಸಮಿತಿಯ ಅನುಮತಿಯಿಲ್ಲದೆ ಪ್ರಯೋಗ ಆರಂಭಿಸುವುದನ್ನು ನಿಷೇಧಿಸುತ್ತವೆ, ಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ವಿಧಿಸುತ್ತವೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕವಲ್ಲದ ಮಾತಿನಲ್ಲಿ ಎಲ್ಲವನ್ನೂ ತಿಳಿಸಿ ಬರಹದ ಒಪ್ಪಿಗೆ ಪಡೆಯಬೇಕೆನ್ನುತ್ತವೆ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಅಲ್ಲಿರಬೇಕು. ಒಪ್ಪಿದವರು ಯಾವ ದಿನ ಬೇಕಾದರೂ, ಕಾರಣ ಹೇಳದೆಯೂ, ಹೊರಬರಬಹುದು. ಹೊರಬಂದುದಕ್ಕಾಗಿ ಅವರ ರೂಢಿಯ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.

ನಿಯಮ ಇಷ್ಟು ಒಳ್ಳೆಯದಾಗಿರುವಾಗ ಕೊರತೆ ಉಳಿದಿರುವುದು ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ವಕೀಲರು ಬರೆದ ಪುಟಗಳನ್ನು ಪದಕ್ಕೆ ಪದವಿಟ್ಟು ಅನುವಾದಿಸಿದ ಒಪ್ಪಿಗೆ ಪತ್ರ ಕನ್ನಡ ಲಿಪಿಯಲ್ಲಿರುತ್ತದೆ, ಕನ್ನಡವಾಗಿರುವುದಿಲ್ಲ. ಪ್ರತಿಕೂಲ ಘಟನೆ, ಯಾದೃಚ್ಛೀಕರಣ, ಪ್ರಾಯೋಜಕ ಎಂಬ ಪದಗಳು ಕರೂರಿನ ಕೃಷಿಕರಿಗೆ ಇಂಗ್ಲಿಷಿನಷ್ಟೇ ದೂರ. ಔಷಧ ಪಡೆಯುವವರು ಯಾರೆಂಬುದನ್ನು ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಆರಿಸುತ್ತದೆ ಎಂದು ಹೇಳಿದರೆ ಯಾರಿಗೆ ತಿಳಿಯುವುದಿಲ್ಲ? ಈ ಮದ್ದು ನಿಮ್ಮ ಕಾಯಿಲೆಗೆ ಹಿಡಿಸುತ್ತದೋ ಇಲ್ಲವೋ ನಮಗೂ ಗೊತ್ತಿಲ್ಲ, ಎಷ್ಟು ಕೊಟ್ಟರೆ ಮೈ ತಾಳುತ್ತದೆ ಎಂದು ನೋಡುವುದಕ್ಕೇ ಇದನ್ನು ಕೊಡುತ್ತಿದ್ದೇವೆ ಎಂಬ ಒಂದು ವಾಕ್ಯ ಮೊದಲ ಪುಟದ ಮೊದಲ ಸಾಲಾಗಿದ್ದರೆ ಉಳಿದ ಪುಟಗಳ ಅರ್ಧ ಕೆಲಸ ಮುಗಿಯುತ್ತದೆ. ಪ್ರಯೋಗಕ್ಕೆ ಸೇರುವುದು ತಪ್ಪೆಂದು ಇದರ ಅರ್ಥವಲ್ಲ. ತಿಳಿದು ಸೇರುವುದು ಮನುಷ್ಯ ಮಾಡಬಹುದಾದ ಅತ್ಯಂತ ಉದಾರವಾದ ದಾನಗಳಲ್ಲೊಂದು. ನಿಮೊಟುಜುಮ್ಯಾಬಿನ 92 ಮಂದಿ, ಮೂರು ಮಾತ್ರೆಗಳ 91 ಮಂದಿ ಯಾರೆಂದು ಯಾವ ವರದಿಯೂ ಹೆಸರಿಸುವುದಿಲ್ಲ, ಆದರೆ ಇಂದು ಈ ಕಾಯಿಲೆಯ ಬಗ್ಗೆ ವೈದ್ಯರು ಧೈರ್ಯವಾಗಿ ಹೇಳುವ ಮಾತುಗಳಿಗೆ ಆಧಾರ ಅವರ ದೇಹಗಳೇ. ತಿಳಿಯದೆ ಸೇರಿಸಿದಾಗ ಮಾತ್ರ ಅದು ದಾನವಾಗದೆ ಕಸಿದುಕೊಂಡದ್ದಾಗುತ್ತದೆ.

1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಅಧ್ಯಾಪಕರೂ ಈ ಜಿಲ್ಲೆಯ ಕನ್ನಡ ಅಧ್ಯಾಪಕರೂ ಒಂದೆಡೆ ಕುಳಿತು, ಈ ಸೀಮೆಯ ಜನ ಆಡುವ ಕನ್ನಡದಲ್ಲಿ ಒಂದು ಮಾದರಿ ಒಪ್ಪಿಗೆ ಪತ್ರವನ್ನು ಸಿದ್ಧಪಡಿಸಿ, ಅದನ್ನು ಆಸ್ಪತ್ರೆಗೆ ಕೊಡುವ ಮುನ್ನ ಕರೂರಿನಂಥ ಊರುಗಳಲ್ಲಿ ಗಟ್ಟಿಯಾಗಿ ಓದಿ, ಕೇಳಿದವರಿಗೆ ಅರ್ಥವಾಯಿತೇ ಎಂದು ವಿಚಾರಿಸಿ ತಿದ್ದಬೇಕೆಂಬುದು ಈ ಉಪನ್ಯಾಸದ ಮನವಿ. ಅದು ಸಿದ್ಧವಾಗುವವರೆಗೆ, ಟ್ರಯಲ್ ಎಂಬ ಮಾತು ಕಿವಿಗೆ ಬಿದ್ದ ಪ್ರತಿಯೊಂದು ಮನೆಯವರೂ ಅದು ಎಷ್ಟನೆಯ ಹಂತದ್ದು, ಅದರ ನೋಂದಣಿ ಸಂಖ್ಯೆ ಏನು, ಅದಕ್ಕೆ ಸೇರದಿದ್ದರೆ ಉಳಿದಿರುವ ಚಿಕಿತ್ಸೆ ಯಾವುದು ಎಂದು ಸಂಕೋಚವಿಲ್ಲದೆ ಕೇಳಬೇಕು, ಹಾಳೆಯನ್ನು ಊರಿಗೆ ತಂದು ಓದಬಲ್ಲವರಿಂದ ಓದಿಸಿಕೊಳ್ಳಬೇಕು, ಸಹಿ ಆಮೇಲೆ ಮಾಡಬೇಕು.